ಸಿನಿಮಾದಲ್ಲಿ ಇಲ್ಲದ ಜಲಾಸುರ

2025ರ ಜುಲೈನಲ್ಲಿ ‘ಮಹಾವತಾರ ನರಸಿಂಹ’ ಆನಿಮೇಷನ್ ಚಿತ್ರ ತೆರೆಗೆ ಬಂತು. ಕನ್ನಡದಲ್ಲೂ ಬಂತು. ಅಕ್ಕನ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಕಲಬುರಗಿಯ ಥಿಯೇಟರ್‌ಗೆ ಹೋಗಿದ್ದೆ. ಕಂಬ ಒಡೆಯುವ ಹೊತ್ತಿಗೆ ಹುಡುಗ ಸೀಟಿನ ತುದಿಗೆ ಬಂದಿದ್ದ. ಸಿನಿಮಾ ಮುಗಿಯಿತು. ಹೊರಗೆ ಬೈಕ್ ತೆಗೆಯುವಾಗ ಕೇಳಿದ, “ಮಾಮಾ, ಜಲಾಸುರ ಯಾಕ ಬರ್ಲಿಲ್ಲ?”

ಆ ಕಥೆ ಹೇಳಿದ್ದು ನಾನೇ. ಕೆಲವು ವರ್ಷದ ಹಿಂದೆ ಬೀದರಿನ ಝರಣಿ ನರಸಿಂಹ ಗುಹೆಗೆ ಹೋಗಿದ್ದೆವು. ಎದೆಮಟ್ಟದ ನೀರು. ಸುಮಾರು 300 ಮೀಟರ್ ಉದ್ದದ ಸುರಂಗ. ತಲೆ ಮೇಲೆ ಬಾವಲಿಗಳು. ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದೆ. ಹೆದರಿಕೆ ಮರೆಯಲಿ ಅಂತ ಕಥೆ ಶುರು ಮಾಡಿದೆ. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಕೆಲಸ ಮುಗಿದಿರಲಿಲ್ಲ. ಈ ಕಡೆ ಜಲಾಸುರ ಅಂತ ಇನ್ನೊಬ್ಬ ರಾಕ್ಷಸ ಇದ್ದ. ಅವನು ಶಿವಭಕ್ತ. ನರಸಿಂಹ ಬಂದು ಅವನನ್ನೂ ಕೊಂದ. ಸತ್ತ ರಾಕ್ಷಸ ನೀರಾಗಿ ದೇವರ ಕಾಲ ಬುಡದಲ್ಲಿ ಹರಿಯತೊಡಗಿದ. ನಾವು ನಡೆಯುತ್ತಿರುವುದು ಅದೇ ನೀರಿನಲ್ಲಿ. ಗುಹೆಯ ಕೊನೆಯಲ್ಲಿ ನರಸಿಂಹನೂ ಇದ್ದಾನೆ, ಜಲಾಸುರ ಪೂಜಿಸುತ್ತಿದ್ದ ಲಿಂಗವೂ ಇದೆ.

“ಸಿನಿಮಾದಾಗ ಎಲ್ಲಾ ಕಥಿ ತೋರ್ಸಲ್ಲಪ್ಪ,” ಅಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, “ಅಂದ್ರ ಅದು ಖರೇ ಇಲ್ಲ ಬಿಡು.”

ಈ ಮಾತು ಬಹಳ ದಿನ ನನ್ನನ್ನು ಬಿಡಲಿಲ್ಲ. ಅವನ ತಪ್ಪೇನೂ ಇಲ್ಲ. ದೊಡ್ಡ ಪರದೆ, ದೊಡ್ಡ ಸದ್ದು, ಸಾವಿರಾರು ಜನ ನೋಡುವ ಕಥೆ ಒಂದು ಕಡೆ. ಮಾಮ ನೀರಿನಲ್ಲಿ ನಡೆಯುತ್ತಾ ಹೇಳಿದ ಕಥೆ ಇನ್ನೊಂದು ಕಡೆ. ಯಾವುದನ್ನು ನಂಬುತ್ತಾನೆ? ಪುರಾಣ ಸಿನಿಮಾಕ್ಕೆ ಬರಬಾರದು ಅನ್ನುವವನಲ್ಲ ನಾನು. ಬರಲಿ, ಇನ್ನೂ ಜಾಸ್ತಿ ಬರಲಿ. ನನ್ನ ಚಿಂತೆ ಬೇರೆ. ಕಥೆ ಹಳೆಯದೇ ಇದೆ, ಹೇಳುವವರು ಬದಲಾಗಿದ್ದಾರೆ. ಊರಿನ ಬಾಯಲ್ಲಿದ್ದ ಕಥೆ ದೂರದ ಸ್ಟುಡಿಯೊಗೆ ಹೋಗಿ ಅಲ್ಲಿಂದ ಒಂದೇ ರೂಪದಲ್ಲಿ ವಾಪಸ್ ಬರುತ್ತಿದೆ. ಆ ಒಂದು ರೂಪದ ಮುಂದೆ ಊರಿನ ರೂಪ ಸುಳ್ಳಾಗಿ ಕಾಣುತ್ತಿದೆ.

ಪುರಾಣವನ್ನು ತಮ್ಮ ಕಾಲಕ್ಕೆ ತಿದ್ದಿಕೊಳ್ಳುವುದು ಹೊಸದಲ್ಲ. ಕನ್ನಡದಲ್ಲಂತೂ ಅದು ಸಾಹಿತ್ಯದ ಜೊತೆಗೇ ಹುಟ್ಟಿದ ಅಭ್ಯಾಸ. ಪಂಪ 941ರಲ್ಲಿ ಭಾರತದ ಕಥೆ ಬರೆದಾಗ ಅರ್ಜುನನ ಜಾಗದಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ನಿಲ್ಲಿಸಿದ. ದ್ರೌಪದಿಗೆ ಐದು ಜನ ಗಂಡಂದಿರು ಅನ್ನುವುದನ್ನು ಬಿಟ್ಟು ಅರ್ಜುನನಿಗೆ ಮಾತ್ರ ಮದುವೆ ಮಾಡಿಸಿದ. ಇವತ್ತು ಸ್ಟಾರ್ ನಟನ ಇಮೇಜ್ ನೋಡಿ ಪಾತ್ರ ಬರೆಯುತ್ತಾರಲ್ಲ, ಆ ಕೆಲಸ ಸಾವಿರ ವರ್ಷದ ಹಿಂದೆಯೇ ಆಗಿದೆ. ರನ್ನ ಭೀಮನಲ್ಲಿ ಚಾಲುಕ್ಯರ ಸತ್ಯಾಶ್ರಯನನ್ನು ಕಂಡ. ಆದರೆ ಜನರ ಮನಸ್ಸಲ್ಲಿ ಉಳಿದದ್ದು ಅವನ ದುರ್ಯೋಧನ. 2019ರಲ್ಲಿ ಬಂದ ‘ಕುರುಕ್ಷೇತ್ರ’ ಚಿತ್ರದ ನಾಯಕನೂ ದುರ್ಯೋಧನನೇ.

ನಮ್ಮ ಸೇಡಂ ತಾಲ್ಲೂಕಿನ ಮಳಖೇಡದ ವಿಷಯ ಇನ್ನೂ ದೊಡ್ಡದು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದರೆ ಅದೇ. 10ನೇ ಶತಮಾನದಲ್ಲಿ ಪುಷ್ಪದಂತ ಅನ್ನುವ ಜೈನ ಕವಿ ಅಲ್ಲಿ ಕೂತು ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣ ಬರೆದ. ಅದರಲ್ಲಿ ರಾಮನ ಕಥೆಯೂ ಬರುತ್ತದೆ. ಆ ಕಥೆಯಲ್ಲಿ ಸೀತೆ ರಾವಣ ಮಂಡೋದರಿಯರ ಮಗಳು. ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ನಿಂತು ಯೋಚಿಸಿ. ಕಲಬುರಗಿಯಿಂದ ಒಂದು ಗಂಟೆ ದಾರಿಯ ಊರಲ್ಲಿ ಹೀಗೊಂದು ರಾಮಾಯಣ ಬರೆದರು, ಓದಿದರು, ಕಾಪಾಡಿದರು. ಇವತ್ತು ಯಾರಾದರೂ ಅದನ್ನು ಸಿನಿಮಾ ಮಾಡುತ್ತೇನೆ ಅಂದರೆ ಎಷ್ಟು ಗದ್ದಲ ಆಗಬಹುದು, ಅಲ್ವಾ? 2023ರಲ್ಲಿ ರಾಮಾಯಣದ ಮೇಲೆ ಬಂದ ಭಾರೀ ಬಜೆಟ್ಟಿನ ಚಿತ್ರವೊಂದರ ಸಂಭಾಷಣೆಗೆ ಜನ ಸಿಟ್ಟಾದರು. ಬಿಡುಗಡೆಯಾದ ಮೇಲೆ ಸಾಲುಗಳನ್ನೇ ಬದಲಿಸಬೇಕಾಯಿತು.

ಹಾಗಾದರೆ ಒಂದೇ ರೂಪ ಗಟ್ಟಿಯಾದದ್ದು ಯಾವಾಗ? ಶುರು ಚಿತ್ರಪಟದಿಂದ. ರಾಜಾ ರವಿವರ್ಮನ ಮುದ್ರಣಾಲಯ 1894ರಲ್ಲಿ ಆರಂಭವಾದ ಮೇಲೆ ಲಕ್ಷ್ಮಿ, ಸರಸ್ವತಿಯರ ಒಂದೇ ಮುಖ ದೇಶದ ಮನೆಮನೆಯ ಗೋಡೆಗೆ ಬಂತು. ಆಮೇಲೆ ಸಿನಿಮಾ. 1913ರಲ್ಲಿ ದೇಶದ ಮೊದಲ ಪೂರ್ಣ ಕಥಾಚಿತ್ರ ಹರಿಶ್ಚಂದ್ರನ ಕಥೆ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಇಂದ್ರಜಿತುವಿನ ಹೆಂಡತಿ ಸುಲೋಚನೆಯ ಕಥೆ. ರಾಕ್ಷಸ ಸೊಸೆಯ ದುಃಖದಿಂದ ಕನ್ನಡ ಸಿನಿಮಾ ಮಾತು ಕಲಿಯಿತು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಟಿವಿ ವಿಷಯದಲ್ಲಿ ನಮ್ಮ ಭಾಗ ಬೆಂಗಳೂರಿಗಿಂತ ಮುಂದಿತ್ತು. ಇದು ನಮ್ಮವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ತೋರಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. 1987ರ ಜನವರಿಯಲ್ಲಿ ರಮಾನಂದ ಸಾಗರರ ರಾಮಾಯಣ ಶುರುವಾಯಿತು. ಮರುವರ್ಷ ಬಿ.ಆರ್. ಚೋಪ್ರಾರ ಮಹಾಭಾರತ ಬಂತು. ಎರಡೂ ಹಿಂದಿಯಲ್ಲಿ. ನಮ್ಮ ಕಡೆಯವರಿಗೆ ಅದು ಅಡ್ಡಿಯಾಗಲಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಊರುಗಳಿವು. ಉರ್ದು, ದಖನಿ ಕಿವಿಗೆ ಬಿದ್ದು ಬೆಳೆದವರು ನಾವು. ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯ ಮುಂದೆ ಚಪ್ಪಲಿ ರಾಶಿ ಬೀಳುತ್ತಿತ್ತು. ಟಿವಿಗೆ ಊದಿನಕಡ್ಡಿ ಹಚ್ಚುತ್ತಿದ್ದರು. ನಮ್ಮ ಊರಲ್ಲಿ ರಾಮ ಅಂದರೆ ಆವರೆಗೆ ದೊಡ್ಡಾಟದಲ್ಲಿ ಕಿರೀಟ ಕಟ್ಟಿದ ಮನುಷ್ಯ. ಬೆಳಗಾದ ಮೇಲೆ ಅವನೇ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಿದ್ದ. ಟಿವಿ ಬಂದ ಮೇಲೆ ರಾಮನಿಗೆ ಒಂದೇ ಮುಖ, ಒಂದೇ ದನಿ ಆಯಿತು.

2020ರಲ್ಲಿ ಇದು ಇನ್ನೊಂದು ಸಲ ನಡೆಯಿತು. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲಿ ಆದದ್ದು. ಎಲ್ಲರಿಗಿಂತ ಮೊದಲೇ ಬಾಗಿಲು ಹಾಕಿಕೊಂಡು ಕೂತ ಊರು ನಮ್ಮದು. ಮಾರ್ಚ್ ಕೊನೆಗೆ ದೂರದರ್ಶನ ಅದೇ ಹಳೆಯ ರಾಮಾಯಣವನ್ನು ಮತ್ತೆ ಹಾಕಿತು. ಅಜ್ಜಿಯಂದಿರು ಮೊಮ್ಮಕ್ಕಳ ಜೊತೆ ಕೂತು ನೋಡಿದರು. ಅದೇ ವರ್ಷ ಕನ್ನಡಕ್ಕೆ ಡಬ್ ಆದ ಮಹಾಭಾರತವೂ ಕನ್ನಡ ಚಾನೆಲ್ಲಿಗೆ ಬಂತು. ಬಹಳ ಕಾಲ ಡಬ್ಬಿಂಗ್‌ಗೆ ಬಾಗಿಲು ಮುಚ್ಚಿದ್ದ ಕನ್ನಡದಲ್ಲಿ ಆ ಬಾಗಿಲನ್ನು ಅಗಲವಾಗಿ ತೆರೆದವರು ಕೃಷ್ಣಾರ್ಜುನರೇ.

ಈಗಿನ ಅಲೆ ಏಕೆ ಇಷ್ಟು ಜೋರಾಗಿದೆ? ಲೆಕ್ಕ ಸರಳ. ನೂರಾರು ಕೋಟಿ ಹಾಕಿ ಸಿನಿಮಾ ಮಾಡಿದರೆ ಅದು ಐದಾರು ಭಾಷೆಯಲ್ಲಿ ಒಂದೇ ದಿನ ಓಡಬೇಕು. ಅಷ್ಟು ಭಾಷೆಯವರಿಗೆ ಮೊದಲೇ ಗೊತ್ತಿರುವ ಕಥೆ ಯಾವುದಿದೆ? ಅಶ್ವತ್ಥಾಮ ಯಾರು ಅಂತ ಪಟ್ನಾದಲ್ಲೂ ಹೇಳಬೇಕಿಲ್ಲ, ಮಧುರೈಯಲ್ಲೂ ಹೇಳಬೇಕಿಲ್ಲ. 2024ರ ‘ಕಲ್ಕಿ 2898 ಎಡಿ’ ಸುಮಾರು ಒಂಬೈನೂರು ವರ್ಷ ಮುಂದಿನ ಲೋಕ ತೋರಿಸಿತು. ಆದರೂ ಅದರ ಬೆನ್ನೆಲುಬು ಮಹಾಭಾರತವೇ. ಪುರಾಣಕ್ಕೆ ಹಕ್ಕಿನ ದುಡ್ಡು ಕೊಡಬೇಕಿಲ್ಲ. ಅಜ್ಜ, ಅಮ್ಮ, ಮಗು ಒಟ್ಟಿಗೆ ಬರುತ್ತಾರೆ. ಮೊದಲು ತೋರಿಸಲು ಆಗದಿದ್ದ ವಿಶ್ವರೂಪವನ್ನು ಈಗ ಗ್ರಾಫಿಕ್ಸ್ ತೋರಿಸುತ್ತದೆ. ಕೃತಕ ಬುದ್ಧಿಮತ್ತೆಯಿಂದ ದೇವರ ರೀಲ್ಸ್ ಮಾಡುವುದಂತೂ ಮೊಬೈಲ್ ಇದ್ದವರಿಗೆಲ್ಲ ಸಾಧ್ಯವಾಗಿದೆ.

ತೊಂದರೆ ಇರುವುದೂ ಇದೇ ಲೆಕ್ಕದಲ್ಲಿ. ಎಲ್ಲರಿಗೂ ಗೊತ್ತಿರುವುದು ಮಾತ್ರ ಬೇಕು ಅಂದರೆ, ಕೆಲವರಿಗೆ ಮಾತ್ರ ಗೊತ್ತಿರುವುದು ಬೇಡ ಅಂತ ಅರ್ಥ. ಹಿರಣ್ಯಕಶಿಪು ದೇಶಕ್ಕೆಲ್ಲ ಗೊತ್ತು. ಜಲಾಸುರ ಬೀದರಿನವರಿಗೆ ಗೊತ್ತು. ಜರಡಿ ಹಿಡಿದಾಗ ಜಲಾಸುರ ಕೆಳಗೆ ಬೀಳುತ್ತಾನೆ. ಯಾರೂ ಬೇಕಂತ ಅವನನ್ನು ತೆಗೆದುಹಾಕಿಲ್ಲ. ಆದರೆ ಸಿನಿಮಾವನ್ನು ಇಡೀ ದೇಶಕ್ಕೆ ಮುಟ್ಟಿಸಿದ ಗುಣವೇ ಅವನನ್ನು ಹೊರಗಿಟ್ಟಿತು.

ಹೀಗೆ ಹೊರಗೆ ಉಳಿದವರು ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಯಲ್ಲೇ ಎಷ್ಟು ಜನ! ಯಾದಗಿರಿ ಹತ್ತಿರದ ಮೈಲಾಪುರಕ್ಕೆ ಸಂಕ್ರಾಂತಿಗೆ ಹೋಗಿ ನೋಡಿ. ಮಣಿಕಾಸುರ, ಮಲ್ಲಾಸುರ ಅನ್ನುವ ಅಣ್ಣತಮ್ಮಂದಿರನ್ನು ಕೊಲ್ಲಲು ಶಿವ ಮೈಲಾರಲಿಂಗನಾಗಿ ಬಂದ ಕಥೆ ಅಲ್ಲಿ ಬರೀ ಕಥೆಯಲ್ಲ. ಭಂಡಾರ ಹಾರುತ್ತದೆ. ಏಳುಕೋಟಿ ಕೂಗು ಏಳುತ್ತದೆ. ಕಬ್ಬಿಣದ ಸರಪಳಿ ಹರಿಯುತ್ತಾರೆ. ಭಾಲ್ಕಿ ಕಡೆಯ ಖಾನಾಪುರದಲ್ಲಿ ಅವನು ಮೈಲಾರ ಮಲ್ಲಣ್ಣ. ಗಡಿ ದಾಟಿದರೆ ಜೇಜೂರಿಯ ಖಂಡೋಬಾ. ಮರಾಠಿಯಲ್ಲಿ 2014ರಿಂದ ಖಂಡೋಬಾನ ಧಾರಾವಾಹಿ ಓಡಿತು. ಬೀದರಿನ ಗಡಿಯ ಮನೆಗಳಲ್ಲೂ ಅದನ್ನು ನೋಡುತ್ತಿದ್ದರು. ಅಲ್ಲಿ ದೇವರ ಹೆಂಡಂದಿರು ಮ್ಹಾಳಸಾ, ಬಾಣಾಯಿ. ಕನ್ನಡದ ಮೈಲಾರನ ಹಾಡಲ್ಲಿ ಗಂಗಿಮಾಳವ್ವ, ಕುರುಬತ್ತೆವ್ವ. ಧಾರಾವಾಹಿ ನೋಡಿದ ಹುಡುಗಿಗೆ ಮೊದಲ ಎರಡು ಹೆಸರು ಬಾಯಿಪಾಠ. ಇನ್ನೆರಡು ಹೆಸರು ಅವಳಿಗೆ ಹೇಳುವವರು ಯಾರು?

ವೀರಭದ್ರನ ಕಥೆಯನ್ನು ಒಡಪು ಕಟ್ಟಿ ಹೇಳುವ ಪುರವಂತರನ್ನು ನೋಡಿ. ಹುಮನಾಬಾದಿನ ವೀರಭದ್ರನ ಜಾತ್ರೆಯಿರಲಿ, ಮದುವೆಮನೆಯ ಗುಗ್ಗಳವಿರಲಿ, ಸಂಬಾಳ ಬಾರಿಸಿದರೆ ಪುರವಂತ ಕತ್ತಿ ಹಿಡಿದು ಒಡಪು ಶುರು ಮಾಡುತ್ತಾನೆ. ದಕ್ಷ ಯಜ್ಞಕ್ಕೆ ಅಳಿಯನನ್ನು ಕರೆಯಲಿಲ್ಲ. ಮಗಳಿಗೆ ಅವಮಾನ ಮಾಡಿದ. ಆಗ ಶಿವನ ಜಡೆಯಿಂದ ವೀರಭದ್ರ ಎದ್ದ. ಒಂದೊಂದು ಒಡಪಿಗೆ ನೆಲ ನಡುಗಿದ ಹಾಗೆ ಆಗುತ್ತದೆ. ನಾನು ಮೈ ಜುಮ್ಮೆನ್ನುವುದು ಅಂದರೇನು ಅಂತ ತಿಳಿದದ್ದು ಏಳನೇ ವಯಸ್ಸಿನಲ್ಲಿ, ಅಂಗಳದಲ್ಲಿ ಪುರವಂತನ ಎದುರು ನಿಂತಾಗ. ಆಮೇಲೆ ಯಾವ ಥಿಯೇಟರಿನಲ್ಲೂ ಅಷ್ಟು ಹತ್ತಿರದಿಂದ ದೇವರ ಸಿಟ್ಟು ನೋಡಿಲ್ಲ.

ಅದೇ ಊರುಗಳ ಶಾಲೆಯ ವಾರ್ಷಿಕೋತ್ಸವದಲ್ಲಿ 2022ರ ನಂತರ ನಾನು ಕಂಡದ್ದು ‘ಕಾಂತಾರ’ದ ವೇಷ. ಮಕ್ಕಳು ಮುಖಕ್ಕೆ ಹಳದಿ ಬಳಿದುಕೊಂಡು ಪಂಜುರ್ಲಿಯಂತೆ ಕೂಗುತ್ತಾರೆ. ಕಾಂತಾರ ಮಾಡಿದ ಕೆಲಸ ದೊಡ್ಡದು. ಒಂದು ಸೀಮೆಯ ದೈವ, ಆ ಸೀಮೆಯ ಭಾಷೆಯಲ್ಲೇ ದೇಶಕ್ಕೆಲ್ಲ ಮುಟ್ಟಬಹುದು ಅಂತ ತೋರಿಸಿತು. ಎಲ್ಲರಿಗೂ ಗೊತ್ತಿದ್ದರೆ ಮಾತ್ರ ಓಡುತ್ತದೆ ಅನ್ನುವ ಲೆಕ್ಕವನ್ನು ಮುರಿಯಿತು. ಆದರೆ ನಾವು ಅದರಿಂದ ಕಲಿತದ್ದು ತಪ್ಪು ಪಾಠ. ‘ನಮ್ಮೂರಿನ ದೇವರ ಕಥೆಯನ್ನೂ ಹೀಗೆ ಹೇಳಬಹುದು’ ಅಂತ ಕಲಿಯಬೇಕಿತ್ತು. ನಾವು ಪಂಜುರ್ಲಿಯ ವೇಷ ಬಾಡಿಗೆಗೆ ತಂದೆವು. ತುಳುನಾಡಿನವರಿಗೆ ಅದು ವೇಷವಲ್ಲ, ಆರಾಧನೆ. ಹಾಗೆ ಅನುಕರಿಸಬೇಡಿ ಅಂತ ಅವರೂ ಬೇಡಿಕೊಂಡರು. ಅತ್ತ ಅವರಿಗೆ ನೋವು, ಇತ್ತ ನಮ್ಮ ಪುರವಂತನಿಗೆ ಶಾಲೆಯ ವೇದಿಕೆ ಸಿಗಲಿಲ್ಲ.

ದೇವರ ಮುಖಭಾವ ಕೂಡ ಹೊರಗಿನಿಂದ ಬರುತ್ತಿದೆ. ಕಲಬುರಗಿಯ ಆಟೊಗಳ ಹಿಂದೆ ಕಪ್ಪು ಕೇಸರಿ ಬಣ್ಣದ, ಹುಬ್ಬು ಗಂಟಿಕ್ಕಿದ ಹನುಮಂತ ಇದ್ದಾನಲ್ಲ, ಅದನ್ನು 2015ರಲ್ಲಿ ಬಿಡಿಸಿದವರು ಕಾಸರಗೋಡಿನ ಕುಂಬಳೆಯ ಕಲಾವಿದ ಕರಣ್ ಆಚಾರ್ಯ. ತಮ್ಮೂರ ಹುಡುಗರ ಬಾವುಟಕ್ಕೆ ಅಂತ ಬಿಡಿಸಿದ ಚಿತ್ರ ದೇಶದ ತುಂಬ ಓಡಾಡಿತು. ಚಿತ್ರ ಚೆನ್ನಾಗಿದೆ, ಶಕ್ತಿಯಿದೆ. ಆದರೆ ನಮ್ಮ ಹಳ್ಳಿಯ ಅಗಸೆ ಬಾಗಿಲ ಹನುಮಪ್ಪ ಹಾಗಿಲ್ಲ. ಅವನು ಸಿಂಧೂರ ಮೆತ್ತಿ ಮೆತ್ತಿ ಕಣ್ಣುಮೂಗೇ ಕಾಣದ ಕಲ್ಲು. ಅವನ ಮುಖದಲ್ಲಿ ಸಿಟ್ಟಿದೆಯೋ, ಕರುಣೆಯಿದೆಯೋ, ಅದು ಅವತ್ತು ಕೈಮುಗಿಯಲು ಬಂದವರ ಮನಸ್ಸಿಗೆ ಬಿಟ್ಟದ್ದು. ಸ್ಟಿಕ್ಕರಿನ ಹನುಮಂತ ಅಷ್ಟು ಜಾಗ ಬಿಡುವುದಿಲ್ಲ.

ನಾನು ಹೇಳಬೇಕಾದದ್ದು ಈ ಜಾಗದ ವಿಷಯವೇ. ನಮ್ಮ ಕಡೆ ‘ಪುರಾಣ’ ಅನ್ನುವ ಶಬ್ದಕ್ಕೆ ಇನ್ನೊಂದು ಅರ್ಥ ಇದೆ. ಶ್ರಾವಣ ಬಂದರೆ “ಗುಡಿಯಾಗ ಪುರಾಣ ಹಚ್ಯಾರ” ಅನ್ನುತ್ತಾರೆ. ತಿಂಗಳಿಡೀ ಸಂಜೆ ಹೊತ್ತು ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಹಾರ್ಮೋನಿಯಂ ತಬಲಾ ಜೊತೆಗಿರುತ್ತದೆ. ಕೊನೆಗೆ ಪುರಾಣ ಮಂಗಲ, ಊರಿಗೆಲ್ಲ ಪ್ರಸಾದ. ಓದುವುದು ಶರಣಬಸವೇಶ್ವರ ಪುರಾಣ ಇರಬಹುದು, ಹೇಮರೆಡ್ಡಿ ಮಲ್ಲಮ್ಮನ ಪುರಾಣ ಇರಬಹುದು. ನವರಾತ್ರಿಗೆ ದೇವಿ ಪುರಾಣ. ಕಲಬುರಗಿಯ ಶರಣಬಸವೇಶ್ವರರು ಇನ್ನೂರು ವರ್ಷದ ಹಿಂದೆ ಇದ್ದ ಮನುಷ್ಯ. ದಾಸೋಹ ಮಾಡಿದ ಒಬ್ಬ ರೈತ ನಮ್ಮಲ್ಲಿ ಪುರಾಣಪುರುಷನಾದ. ಪುರಾಣ ಅಂದರೆ ನಮಗೆ ಮುಗಿದುಹೋದ ಯುಗದ ಸರಕಾಗಿರಲಿಲ್ಲ.

ಆ ಕೂಟದಲ್ಲಿ ಕೇಳುವವರು ಸುಮ್ನೆ ಕೂರುವುದಿಲ್ಲ. ನಮ್ಮೂರಲ್ಲಿ ಒಮ್ಮೆ ಹರಿಶ್ಚಂದ್ರನ ಪ್ರಸಂಗ ಬಂದಿತ್ತು. ಮುದುಕಿಯೊಬ್ಬಳು ಎದ್ದು ಕೇಳಿದಳು, “ಸ್ವಾಮಿ, ಸತ್ಯ ಅವಂದು, ಮಾರಿದ್ದು ಹೆಂಡ್ತಿನ್ನ. ಇದ್ಯಾವ ನ್ಯಾಯ್ರೀ?” ಪುರಾಣಿಕರು ಪುಸ್ತಕ ಮುಚ್ಚಿ ಅರ್ಧ ಗಂಟೆ ಅದಕ್ಕೇ ಉತ್ತರ ಹೇಳಿದರು. ಉತ್ತರ ಮುದುಕಿಗೆ ಒಪ್ಪಿಗೆಯಾಗಲಿಲ್ಲ. ಮರುದಿನ ಕಟ್ಟೆಯ ಮೇಲೂ ಅದೇ ಮಾತು. ದೊಡ್ಡಾಟದಲ್ಲೂ ಹೀಗೇ. ದುರ್ಯೋಧನನ ಪದ ಹಿಡಿಸಿದರೆ ವನ್ಸ್ ಮೋರ್. ಮನಸ್ಸು ತುಂಬಿದರೆ ಆಯೇರಿ, ಅಂದರೆ ಉಡುಗೊರೆ. ಹಿಡಿಸದಿದ್ದರೆ ಅದನ್ನೂ ಮುಖದ ಮೇಲೆ ಹೇಳುತ್ತಿದ್ದರು. ಮುಂದಿನ ವರ್ಷ ಮಾಸ್ತರ ಅದನ್ನು ತಿದ್ದಿಕೊಳ್ಳುತ್ತಿದ್ದ. ಹೇಳುವವನಿಗೂ ಕೇಳುವವನಿಗೂ ನಡುವೆ ಹತ್ತು ಹೆಜ್ಜೆ ಮಾತ್ರ.

ಈ ಮಣ್ಣು ಅದಕ್ಕಿಂತ ಗಟ್ಟಿ ಪ್ರಶ್ನೆಗಳನ್ನೂ ಕೇಳಿದೆ. 12ನೇ ಶತಮಾನದ ಬಸವಕಲ್ಯಾಣದಲ್ಲಿ ಶರಣರು ಹಲವು ದೈವಗಳ ಪೂಜೆಯನ್ನೇ ನೇರವಾಗಿ ಪ್ರಶ್ನಿಸಿದರು. ಆದರೆ 1369ರ ಹೊತ್ತಿಗೆ ಭೀಮಕವಿ ಬಸವಣ್ಣನವರ ಮೇಲೇ ಪುರಾಣ ಬರೆದಿದ್ದ. ಪ್ರಶ್ನಿಸಿದವರೂ ಪುರಾಣದೊಳಗೆ ಬಂದು ಕೂತರು. ನನಗೆ ಇದರಲ್ಲಿ ಸೋಲು ಕಾಣುವುದಿಲ್ಲ. ಕಥೆ ಮತ್ತು ಪ್ರಶ್ನೆ ಎರಡೂ ಒಂದೇ ಕಟ್ಟೆಯ ಮೇಲೆ ಕೂರುತ್ತಿದ್ದವು ಅನ್ನುವುದಕ್ಕೆ ಇದೇ ಸಾಕ್ಷಿ.

ಪರದೆಗೆ ಪ್ರಶ್ನೆ ಕೇಳಲು ಆಗುವುದಿಲ್ಲ. ಕಮೆಂಟ್ ಹಾಕಬಹುದು. ಅಲ್ಲಿ ನಡೆಯುವುದು ಹೆಚ್ಚಾಗಿ ಜಗಳ. ಮುದುಕಿ ಕೇಳಿದಂಥ ಪ್ರಶ್ನೆಗೆ ಅರ್ಧ ಗಂಟೆ ಕೊಡುವವರು ಅಲ್ಲಿಲ್ಲ. ಮೆಚ್ಚಿಕೊಳ್ಳಿ, ಇಲ್ಲ ಸಿಟ್ಟಾಗಿ, ಎರಡೇ ದಾರಿ. ಪುರಾಣದ ಸಿನಿಮಾ ಬಂದಾಗಲೆಲ್ಲ ಏಳುವ ಗದ್ದಲಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ಅನಿಸಿಕೆ. ಒಂದೇ ರೂಪ ಇದೆ ಅಂದುಕೊಂಡವರಿಗೆ ಎರಡನೆಯದು ಕಂಡರೆ ಅದು ಅಪಚಾರ. ಹತ್ತು ರೂಪ ಕೇಳಿ ಬೆಳೆದವರಿಗೆ ಹನ್ನೊಂದನೆಯದು ಇನ್ನೊಂದು ಕಥೆ, ಅಷ್ಟೇ.

ಹಾಗಂತ ಮೊಬೈಲು ಬಿಸಾಡಿ ಅಂತ ನಾನು ಹೇಳುವುದಿಲ್ಲ. ಅದೇ ಮೊಬೈಲು ನಮ್ಮ ಕೆಲಸಕ್ಕೂ ಬರುತ್ತದೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಉತ್ತರ ಕರ್ನಾಟಕದ ಹಳ್ಳಿಗಳ ದೊಡ್ಡಾಟದ ಉದ್ದುದ್ದ ವಿಡಿಯೊಗಳು ಸಿಗುತ್ತವೆ. ಊರಿನ ಹುಡುಗರು ಅಲುಗಾಡುವ ಕೈಯಲ್ಲಿ ಹಿಡಿದದ್ದು. ಸದ್ದು ಸರಿ ಇರುವುದಿಲ್ಲ. ಆದರೂ ಪುಣೆ, ಮುಂಬೈಗೆ ದುಡಿಯಲು ಹೋದವರು ಅದನ್ನು ನೋಡುತ್ತಾರೆ, ಇವನು ನಮ್ಮ ಓಣಿಯವನು ಅಂತ ಕೆಳಗೆ ಬರೆಯುತ್ತಾರೆ. ಒಂದು ಜಾತ್ರೆಗೆ ಡಿಜೆ ತರಿಸುವ ದುಡ್ಡಿನಲ್ಲಿ ಒಂದು ರಾತ್ರಿ ಆಟ ಆಡಿಸಬಹುದು ಅಂತ ನಮ್ಮೂರ ಜಾತ್ರೆ ಕಮಿಟಿಯಲ್ಲಿ ಹೇಳಿ ನೋಡಿದೆ. ಡಿಜೆ ಬಂತು. ಆದರೆ ಪುರವಂತರ ಒಡಪನ್ನು ಈ ಸಲ ಮೈಕಿನಲ್ಲಿ ಹೇಳಿಸಿದರು, ಇಬ್ಬರು ಹುಡುಗರು ಅದನ್ನು ಪೂರ್ತಿ ರೆಕಾರ್ಡ್ ಮಾಡಿದರು. ಮುಂದಿನ ವರ್ಷ ಮತ್ತೆ ಕೇಳುತ್ತೇನೆ.

ಅಕ್ಕನ ಮಗನಿಗೆ ಮಾತ್ರ ನಾನು ಬೇರೆ ಏನೂ ಮಾಡಲಿಲ್ಲ. ರಾತ್ರಿ ಮಲಗುವಾಗ ಜಲಾಸುರನ ಕಥೆಯನ್ನು ಇನ್ನೊಮ್ಮೆ ಹೇಳಿದೆ, ಈ ಸಲ ಸಿನಿಮಾ ಎಲ್ಲಿ ಮುಗಿದಿತ್ತೋ ಅಲ್ಲಿಂದ. ಕಂಬ ಒಡೆದಾಗಿದೆ, ಪ್ರಹ್ಲಾದ ಕೈಮುಗಿದಾಗಿದೆ, ಮೈಯಲ್ಲಿ ಸಿಟ್ಟು ಇನ್ನೂ ಇಳಿದಿಲ್ಲ, ಆಗ ನರಸಿಂಹ ಬೀದರಿನ ಕಡೆ ತಿರುಗಿದ. ಹುಡುಗ ಎದ್ದು ಕೂತ.

ವಾರ ಬಿಟ್ಟು ಅಕ್ಕ ಫೋನ್ ಮಾಡಿದಳು. ಶಾಲೆಯಲ್ಲಿ ಗೆಳೆಯರಿಗೆಲ್ಲ “ಪಾರ್ಟ್ ಟೂ ಬೀದರದಾಗ ಆಗ್ಯದ, ನಾ ಹೋಗಿ ಬಂದೀನಿ” ಅಂತ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಅಷ್ಟರಲ್ಲಿ ಅವನೇ ಫೋನ್ ಕಸಿದುಕೊಂಡ. ಚಿತ್ರ ಬಿಡಿಸಲು ಕೂತಿದ್ದನಂತೆ, ಒಂದು ಕಡೆ ನಿಂತುಹೋಗಿದೆ.

“ಮಾಮಾ, ಜಲಾಸುರನ ಮುಖ ಹೆಂಗಿತ್ತು?”

“ಯಾರೂ ತಗದಿಲ್ಲಪ್ಪ ಅವನ ಚಿತ್ರ. ನೀನೇ ತಗಿ.”